ಕಾಶ್ಮೀರದ ಚೆರ್ರಿ ಕೆಲವೇ ವಾರ ಸಿಗುವುದೇಕೆ? ನಮ್ಮಲ್ಲಿ ಬೆಳೆಯಲಾಗದೇ?
ಚೆರ್ರಿ ಕಿತ್ತ ಮೇಲೆ ಮಾಗುವುದಿಲ್ಲ, ಮುಖ್ಯ ಕಾರಣ ಅದೇ. ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುತ್ತೇವೆ. ಚೆರ್ರಿ ಮರದಲ್ಲೇ ಪೂರ್ತಿ ಹಣ್ಣಾಗಬೇಕು. ಆಮೇಲೆ ಬೆಳೆಗಾರನ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಶೋಪಿಯಾನ್, ಗಾಂದರ್‌ಬಲ್ ಕಡೆ ಮೇ ಮಧ್ಯದಿಂದ ಜುಲೈ ಆರಂಭದವರೆಗೆ ಒಂದಾದ ಮೇಲೊಂದು ತಳಿ ಕೊಯ್ಲಿಗೆ ಬರುತ್ತದೆ.

ಕೀಳುವುದು ನಿಜಕ್ಕೂ ತಾಳ್ಮೆಯ ಕೆಲಸ. ಹಣ್ಣನ್ನು ಮುಟ್ಟದೆ ತೊಟ್ಟು ಹಿಡಿದೇ ಬಿಡಿಸಬೇಕು. ತೊಟ್ಟು ಕಳಚಿದರೆ ಅಲ್ಲಿಂದ ರಸ ಒಸರಿ ಕೊಳೆಯಲು ಶುರುವಾಗುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಸುರಿದರಂತೂ ಹಣ್ಣು ನೀರು ಹೀರಿ ಉಬ್ಬಿ, ಸಿಪ್ಪೆ ಬಿರಿಯುತ್ತದೆ. ಬಿರಿದ ಹಣ್ಣನ್ನು ದೂರದ ಊರಿಗೆ ಕಳಿಸುವಂತಿಲ್ಲ. ವರ್ಷದ ದುಡಿಮೆ ಒಂದೇ ಮಳೆಗೆ ಹೋಗಬಹುದು. ಬೆಲೆ ಹೆಚ್ಚಾಯಿತೆಂದು ಗೊಣಗುವ ಮುನ್ನ ಇದು ನೆನಪಿರಲಿ.

ಇನ್ನು ನಮ್ಮಲ್ಲಿ ಬೆಳೆಯುವ ಮಾತು. ಮರ ಹೂ ಬಿಡಲು ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ಕೊಡಗಿನಲ್ಲೂ ಅಷ್ಟು ಚಳಿಯಿಲ್ಲ. ಸಸಿ ಮಾರುವವರ ಮಾತಿಗೆ ಮರುಳಾಗಬೇಡಿ. ಅಂದ ಹಾಗೆ, ಬೇಕರಿ ಕೇಕಿನ ಮೇಲಿನ ಕೆಂಪು ‘ಚೆರ್ರಿ’ ಬಹುಪಾಲು ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿದ ಕವಳಿಕಾಯಿ.