ಟರ್ಕಿಯಲ್ಲಿ ಅರಬ್ಬಿ ಮಾತಾಡುವವರು ಎಲ್ಲೆಲ್ಲಿ ಇದ್ದಾರೆ?

ಟರ್ಕಿಯಲ್ಲಿ ಅರಬ್ಬಿ ಮಾತಾಡುವವರೆಲ್ಲ 2011ರಲ್ಲಿ ಅಂತರ್ಯುದ್ಧ ಶುರುವಾದ ನಂತರ ಸಿರಿಯಾದಿಂದ ಬಂದವರೇನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ತಲೆತಲಾಂತರದಿಂದ ಅಲ್ಲೇ ಇರುವವರು ಬೇಕಾದಷ್ಟು ಜನ ಇದ್ದಾರೆ. ಹೆಚ್ಚಿನವರು ದಕ್ಷಿಣದ ಗಡಿಯ ಕಡೆಯವರು.

ಮೊದಲು ಸಿರಿಯಾ ಗಡಿಗೆ ಅಂಟಿಕೊಂಡಿರುವ ಹತಾಯ್ ಪ್ರಾಂತ್ಯ ನೋಡಿ. ಫ್ರೆಂಚರ ಕೈಯಲ್ಲಿದ್ದ ಸಿರಿಯಾದಿಂದ ಬೇರೆಯಾಗಿ ಅದು ಟರ್ಕಿಗೆ ಸೇರಿದ್ದು 1939ರಲ್ಲಿ. ಅಲ್ಲಿ ಅರಬ್ಬಿ ಮಾತಾಡುವ ಅಲವಿಗಳು (ಶಿಯಾ ಮೂಲದ ಒಂದು ಪಂಗಡ), ಸುನ್ನಿಗಳು, ಆರ್ಥೊಡಾಕ್ಸ್ ಕ್ರೈಸ್ತರು ಎಲ್ಲರೂ ಇದ್ದಾರೆ. ಸಮಂದಾಗ್ ಊರಿನ ಕಡಲ ದಡದಲ್ಲಿ ಹಿಜಿರ್ ಎಂಬ ಸಂತರ ಬಿಳಿ ಗುಮ್ಮಟದ ದರ್ಗಾ ಇದೆ. ಹರಕೆ ಹೊತ್ತವರು ಅದಕ್ಕೆ ಪ್ರದಕ್ಷಿಣೆ ಹಾಕುತ್ತಾರೆ, ಕೆಲವರು ಕಾರಿನಲ್ಲೇ ಸುತ್ತು ಬರುತ್ತಾರೆ. ಅದಾನಾ, ತಾರ್ಸುಸ್, ಮೆರ್ಸಿನ್ ಕಡೆಯೂ ಅಲವಿಗಳಿದ್ದಾರೆ.

ಪೂರ್ವಕ್ಕೆ ಹೋದರೆ ಉರ್ಫಾ ಜಿಲ್ಲೆಯ ಹರಾನ್. ಅಲ್ಲಿಯದು ಬದವಿಗಳ, ಅಂದರೆ ಮರುಭೂಮಿಯ ಅಲೆಮಾರಿ ಅರಬರ, ಬಗೆಯ ಅರಬ್ಬಿ. ಮಾರ್ದಿನ್, ಸಿಯಿರ್ತ್ ಕಡೆಯದು ಬೇರೆಯೇ, ಇರಾಕಿನ ಮೋಸುಲ್ ಮಾತಿಗೆ ಹತ್ತಿರ. ಮಾರ್ದಿನ್‌ನಲ್ಲಂತೂ ಕುರ್ದಿಶ್, ಟರ್ಕಿಶ್, ಅಲ್ಲಿನ ಕ್ರೈಸ್ತರ ಹಳೆಯ ಭಾಷೆ ಸಿರಿಯಾಕ್ ಕೂಡ ಕೇಳುತ್ತದೆ.

ಸಿರಿಯಾದಿಂದ ಬಂದವರು ಇಸ್ತಾಂಬುಲ್, ಗಾಜಿಯಾಂತೆಪ್, ಕಿಲಿಸ್, ಉರ್ಫಾ, ಹತಾಯ್‌ಗಳಲ್ಲಿ ಜಾಸ್ತಿ.

ನನಗೆ ಬೇಜಾರು ತರುವುದು ಹತಾಯ್ ಸ್ಥಿತಿ. ಶಾಲೆ ಎಲ್ಲಾ ಟರ್ಕಿಶ್‌ನಲ್ಲಿ. ಅರಬ್ಬಿ ಮನೆಯಲ್ಲಿ ಕಲಿತ ಮಾತಾಗಿ ಉಳಿದಿದೆ, ಎಷ್ಟೋ ಜನಕ್ಕೆ ಅದರ ಲಿಪಿ ಓದಲು ಬರುವುದಿಲ್ಲ. ಅದರ ಮೇಲೆ 2023ರ ಫೆಬ್ರವರಿಯ ಭೂಕಂಪ ಹತಾಯ್‌ನ ಮುಖ್ಯ ನಗರ ಅಂತಾಕ್ಯವನ್ನು ಬಹುಪಾಲು ನೆಲಸಮ ಮಾಡಿತು. ಎಷ್ಟೋ ಕುಟುಂಬಗಳು ಬೇರೆ ಊರುಗಳಿಗೆ ಚದುರಿ ಹೋದವು. ಅಜ್ಜಿ ಒಂದೂರು, ಮೊಮ್ಮಕ್ಕಳು ಇನ್ನೊಂದೂರು ಆದರೆ ಮಾತು ಕಲಿಸುವವರು ಯಾರು?