ತಾಮ್ರದ ಕೊಳವೆಯಲ್ಲಿ ಆಯಸ್ಕಾಂತ ನಿಧಾನವಾಗಿ ಬೀಳುವುದೇಕೆ?

ಪ್ರಶ್ನೆ: ತಾಮ್ರಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಆದರೂ ತಾಮ್ರದ ಕೊಳವೆಯೊಳಗೆ ಬಿಟ್ಟ ಆಯಸ್ಕಾಂತ ತೇಲಿದಂತೆ ಮೆಲ್ಲಗೆ ಇಳಿಯುವುದನ್ನು ವಿಡಿಯೊ ಒಂದರಲ್ಲಿ ನೋಡಿದೆ. ಇದರಲ್ಲಿ ಕೈಚಳಕವೇನಾದರೂ ಇದೆಯೇ? ನಾನು ವಿಜ್ಞಾನ ಓದಿದವನಲ್ಲ, ಸರಳವಾಗಿ ತಿಳಿಸಿ.

ಉತ್ತರ: ಕೈಚಳಕವಿಲ್ಲ. ಆಯಸ್ಕಾಂತ ಬೀಳುವಾಗ ಆ ಕೊಳವೆಯಲ್ಲಿ ವಿದ್ಯುತ್ ಹುಟ್ಟುತ್ತದೆ, ಅದೇ ಅದರ ವೇಗಕ್ಕೆ ಕಡಿವಾಣ ಹಾಕುತ್ತದೆ.

ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಕಂಡರು. ಅಂದರೆ ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರವೂ, ಅಂದರೆ ಸುತ್ತಲೂ ಆಯಸ್ಕಾಂತದಂಥ ಪ್ರಭಾವವೂ, ಇರುತ್ತದೆ. ಹಾಗಾದರೆ ಕಾಂತದಿಂದ ವಿದ್ಯುತ್ ಸಿಗಬೇಡವೇ? ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲಿ ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದು ಸುರುಳಿಯನ್ನು ಬ್ಯಾಟರಿಗೆ ಜೋಡಿಸಿದರು. ಇನ್ನೊಂದರ ಬಳಿಯಿದ್ದ ಮುಳ್ಳು ಜೋಡಿಸಿದ ಕ್ಷಣ ಅಲುಗಿತು, ಮತ್ತೆ ಸುಮ್ಮನಾಯಿತು. ಬ್ಯಾಟರಿ ಕಳಚಿದಾಗ ಇನ್ನೊಮ್ಮೆ, ಎದುರು ದಿಕ್ಕಿಗೆ ಅಲುಗಿತು. ನಡುವಿನ ಹೊತ್ತಿನಲ್ಲಿ ಏನೂ ಇಲ್ಲ! ಇಡೀ ವಿಷಯದ ತಿರುಳು ಇಲ್ಲಿದೆ. ವಿದ್ಯುತ್ ಹುಟ್ಟಲು ಕಾಂತಕ್ಷೇತ್ರ ಸುಮ್ಮನೆ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಪಠ್ಯಪುಸ್ತಕಗಳು ಸೂತ್ರ ಬರೆಯುವ ಆತುರದಲ್ಲಿ ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ.

ಈಗ ನಿಮ್ಮ ಕೊಳವೆಯನ್ನು ಒಂದರ ಮೇಲೊಂದು ಪೇರಿಸಿದ ಬಳೆಗಳೆಂದುಕೊಳ್ಳಿ. ಆಯಸ್ಕಾಂತ ಹತ್ತಿರವಾಗುತ್ತಿರುವ ಕೆಳಗಿನ ಬಳೆಗಳಲ್ಲಿ ಕಾಂತಕ್ಷೇತ್ರ ಹೆಚ್ಚುತ್ತಿರುತ್ತದೆ, ಅದು ದಾಟಿಹೋದ ಮೇಲಿನ ಬಳೆಗಳಲ್ಲಿ ಕಡಿಮೆಯಾಗುತ್ತಿರುತ್ತದೆ. ಎರಡೂ ಕಡೆ ಬದಲಾವಣೆಯಿರುವುದರಿಂದ ಎರಡೂ ಕಡೆ ವಿದ್ಯುತ್ ಸುತ್ತುತ್ತದೆ. ಹೀಗೆ ಹುಟ್ಟಿದ ವಿದ್ಯುತ್ತಿನ ದಿಕ್ಕು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ವಿರೋಧಿಸುವಂತೆಯೇ ಇರುತ್ತದೆ ಎಂಬುದು ಲೆನ್ಜ್ ನಿಯಮ. ಆದ್ದರಿಂದ ಕೆಳಗಿನ ಬಳೆಗಳು ಆಯಸ್ಕಾಂತವನ್ನು ಮೇಲಕ್ಕೆ ದೂಡುತ್ತವೆ, ಮೇಲಿನವು ಹಿಂದಕ್ಕೆ ಸೆಳೆಯುತ್ತವೆ. ವಿರೋಧಿಸುವ ಬದಲು ನೆರವಾಗಿದ್ದರೆ ಆಯಸ್ಕಾಂತದ ವೇಗವೂ ವಿದ್ಯುತ್ತೂ ಒಂದನ್ನೊಂದು ಹೆಚ್ಚಿಸುತ್ತಾ ಹೋಗಿ ಶಕ್ತಿ ಪುಕ್ಕಟೆಯಾಗಿ ಸಿಗಬೇಕಿತ್ತು. ಪ್ರಕೃತಿ ಅಷ್ಟು ಧಾರಾಳಿಯಲ್ಲ. ವೇಗವಾಗಿ ಮಾರ್ಪಡಬೇಕಿದ್ದ ಶಕ್ತಿ ತಾಮ್ರವನ್ನು ತುಸುವೇ ಬಿಸಿ ಮಾಡುವುದರಲ್ಲಿ ಕಳೆಯುತ್ತದೆ.

ಆಯಸ್ಕಾಂತ ನಡುವೆ ಪೂರ್ತಿ ನಿಂತುಬಿಡದೇ ಎಂದು ನೀವು ಕೇಳಬಹುದು. ಇಲ್ಲ. ನಿಂತರೆ ಬದಲಾವಣೆ ನಿಲ್ಲುತ್ತದೆ, ವಿದ್ಯುತ್ ಇಲ್ಲವಾಗುತ್ತದೆ, ತಡೆಯೂ ಹೋಗಿ ಆಯಸ್ಕಾಂತ ಮತ್ತೆ ಬೀಳತೊಡಗುತ್ತದೆ. ಹಾಗಾಗಿ ತೂಕಕ್ಕೂ ತಡೆಗೂ ಸರಿಸಮವಾಗುವ ಒಂದು ವೇಗದಲ್ಲಿ ಅದು ಇಳಿಯುತ್ತದೆ.

ನೀವೇ ಮಾಡಿ ನೋಡುವುದಾದರೆ ನಿಯೋಡಿಮಿಯಮ್ ಎಂಬ ಲೋಹ ಬೆರೆತ ಬಲವಾದ ಆಯಸ್ಕಾಂತವನ್ನೇ ಬಳಸಿ, ಸಾಧಾರಣ ಆಯಸ್ಕಾಂತದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ. ಅದು ಕೊಳವೆಗಿಂತ ಸ್ವಲ್ಪವೇ ಸಪೂರವಾಗಿರಲಿ. ಅಷ್ಟೇ ಉದ್ದದ ಪ್ಲಾಸ್ಟಿಕ್ ಕೊಳವೆಯಲ್ಲೂ ಬಿಟ್ಟು ಹೋಲಿಸಿ. ತಾಮ್ರದ ಕೊಳವೆಯನ್ನು ಉದ್ದಕ್ಕೂ ಸೀಳಿದರೆ ವಿದ್ಯುತ್ತು ಸುತ್ತುವ ದಾರಿ ತುಂಡಾಗಿ ಆಯಸ್ಕಾಂತ ಇನ್ನೂ ಬೇಗ ಇಳಿಯುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಇಂಥ ಆಯಸ್ಕಾಂತವನ್ನು ಎದೆಯ ಹತ್ತಿರ ತರಬಾರದು. ಚಿಕ್ಕ ಮಕ್ಕಳ ಕೈಗೂ ಅದು ಸಿಗದಿರಲಿ, ನುಂಗಿದರೆ ಅಪಾಯ.