ರೊಟ್ಟಿ-ಪಲ್ಯದ ಫೋಟೊಗೆ ಬೆಚ್ಚನೆ ಬೆಳಕು ಬೇಕಾದರೆ ಮೊದಲು ಟ್ಯೂಬ್‌ಲೈಟ್ ಆರಿಸಿ

ರಾಯಚೂರಲ್ಲಿ ಬಾಡಿಗೆ ಮನೆ, ಅಡುಗೆಮನೆಗೆ ಒಂದೇ ಕಿಟಕಿ, ಕೈಯಲ್ಲಿ ಫೋನ್ ಮಾತ್ರ. ರೊಟ್ಟಿ, ಪಲ್ಯದ ಫೋಟೊ ಬೂದು ಬೂದಾಗಿ ಬರುತ್ತೆ, ಬೆಚ್ಚನೆ ಬೆಳಕು ಹೇಗೆ ತರೋದು ಅಂತ ಕೇಳಿದ್ದೀರಿ. ಒಂದೇ ಕಿಟಕಿ ಇರುವುದು ಒಳ್ಳೆಯದೇ ಆಯ್ತು. ಕೊಪ್ಪಳದ ನಮ್ಮ ಮನೆಯಲ್ಲಿ ನಾನು ಉಳಿದ ಕಿಟಕಿ ಮುಚ್ಚಿಯೇ ಫೋಟೊ ತೆಗೆಯುತ್ತೇನೆ.

ಮೊದಲು ಟ್ಯೂಬ್‌ಲೈಟ್ ಆರಿಸಿ. ಬಿಳಿ ಎಲ್‌ಇಡಿ ಟ್ಯೂಬಿನ ಬೆಳಕು ಸಾಮಾನ್ಯವಾಗಿ 6500 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಅಂಕಿ), ಅಂದರೆ ನೀಲಿ ಕಡೆಗೆ. ಬೆಳಗಿನ ಎಳೆಬಿಸಿಲು ಅದರ ಅರ್ಧದಷ್ಟು ಮಾತ್ರ. ಎರಡೂ ಬೆರೆತರೆ ರೊಟ್ಟಿಯ ಒಂದು ಮಗ್ಗುಲು ಹಳದಿ, ಇನ್ನೊಂದು ನೀಲಿ. ಆಮೇಲೆ ಯಾವ ಫಿಲ್ಟರ್ ಹಾಕಿದರೂ ನೆಟ್ಟಗಾಗಲ್ಲ.

ಆಮೇಲೆ ಆಟೊ ವೈಟ್ ಬ್ಯಾಲೆನ್ಸ್, ಅಂದರೆ ಫೋನ್ ತಾನೇ ಬಣ್ಣ ಸರಿಮಾಡೋದನ್ನು ತೆಗೆಯಿರಿ. ಹಳದಿ ಬೆಳಕು ಕಂಡ ಕೂಡಲೇ ಅದನ್ನು ಬಿಳಿ ಮಾಡಬೇಕು ಅಂತ ಫೋನ್ ನೀಲಿ ಸೇರಿಸುತ್ತೆ. ನಿಮಗೆ ಬೇಕಾದ ಬಣ್ಣವನ್ನೇ ಅಳಿಸಿಬಿಡುತ್ತೆ, ಅಲ್ವಾ? ಕ್ಯಾಮೆರಾದಲ್ಲಿ ಎಲ್ಲಾ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸನ್ನು 5500ಕ್ಕೆ ಇಡಿ. ಇಲ್ಲಿ ತುಂಬಾ ಜನ ಗೊಂದಲ ಆಗ್ತಾರೆ. ಬೆಳಕಿನ ಅಂಕಿ ಕಡಿಮೆ ಆದಷ್ಟೂ ಅದು ಹಳದಿ, ಎಣ್ಣೆ ದೀಪ 2000ದ ಆಸುಪಾಸು. ಆದರೆ ಕ್ಯಾಮೆರಾದಲ್ಲಿ ಅಂಕಿ ಏರಿಸಿದಷ್ಟೂ ಫೋಟೊ ಹಳದಿ ಆಗುತ್ತೆ, ಯಾಕಂದ್ರೆ ಬೆಳಕು ನೀಲಿ ಇದೆ ಅಂತ ನೀವು ಅದಕ್ಕೆ ಹೇಳಿದ ಹಾಗೆ. ಎಷ್ಟು ಸಾಕು ಅನ್ನೋದಕ್ಕೆ ಪಕ್ಕದಲ್ಲಿ ಒಂದು ಬಟ್ಟಲು ಮೊಸರಿಡಿ. ಮೊಸರು ಬೆಣ್ಣೆಯ ಬಣ್ಣಕ್ಕೆ ಬಂದರೆ ಸರಿ. ಅರಿಶಿನ ಕಲಸಿದ ಹಾಗೆ ಕಂಡರೆ ಜಾಸ್ತಿ ಆಯ್ತು, ಇಳಿಸಿ.

ಹೊತ್ತು ಮುಖ್ಯ. ನಮ್ಮ ಕಡೆ ಬೇಸಿಗೆಯಲ್ಲಿ ಎಂಟೂವರೆ ದಾಟಿದರೆ ಬಿಸಿಲು ಬಿಳಿಯಾಗಿ ಚುಚ್ಚುತ್ತೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಕೆಳಗೇ ಇರೋದರಿಂದ ಇನ್ನೂ ಸ್ವಲ್ಪ ಹೊತ್ತು ಸಿಗುತ್ತೆ. ಕಿಟಕಿ ಪಶ್ಚಿಮಕ್ಕಿದ್ದರೆ ಸಂಜೆ ತೆಗೆಯಿರಿ. ಬಿಸಿಲು ನೇರ ಬಿದ್ದರೆ ತೆಳು ಪಂಚೆ ಕಟ್ಟಿ.

ತಟ್ಟೆಯನ್ನು ಕಿಟಕಿಯ ಎದುರಿಗೆ ಇಡಬೇಡಿ, ಬೆಳಕು ಪಕ್ಕದಿಂದ ಬರಲಿ. ಕಡಕ್ ರೊಟ್ಟಿ ಇಟ್ಟು ನೋಡಿ. ಅದರ ಒಂದೊಂದು ಗುಳ್ಳೆಗೂ ಒಂದು ಕಡೆ ಹೊಳಪು, ಇನ್ನೊಂದು ಕಡೆ ಸಣ್ಣ ನೆರಳು. ಹೆಂಚಿನ ಕಪ್ಪು ಚುಕ್ಕೆ, ಅಂಚಿನ ಬಿರುಕು, ಮೇಲೆ ಅಂಟಿದ ಹಿಟ್ಟು, ಎಲ್ಲಾ ಕಾಣುತ್ತೆ. ಫ್ಲ್ಯಾಶ್ ಹಾಕಿದರೆ ಅದೇ ರೊಟ್ಟಿ ಚಪ್ಪಟೆ. ಹಿಟ್ಟನ್ನು ಒರೆಸಬೇಡಿ, ದಯವಿಟ್ಟು! ನನಗೆ ಜೋಳದ ರೊಟ್ಟಿಯ ಚಂದ ಇರೋದೇ ಅಲ್ಲಿ. ಶೇಂಗಾ ಹಿಂಡಿಯ ನಡುವೆ ಗುಂಡಿ ಮಾಡಿ ಎಣ್ಣೆ ಬಿಟ್ಟರೆ ಕಿಟಕಿಯ ಬೆಳಕು ಅದರಲ್ಲಿ ಮಿನುಗುತ್ತೆ. ಎಣ್ಣೆಗಾಯಿ ಮಾತ್ರ ಬೇಗ ತೆಗೆಯಿರಿ, ಆರಿದರೆ ಮೇಲೆ ಪದರ ಕಟ್ಟಿ ಮಂಕಾಗುತ್ತೆ. ಪುಂಡಿ ಪಲ್ಯ ಮೊದಲೇ ಕಪ್ಪು ಹಸಿರು, ಅದಕ್ಕೆ ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಬೇಕೇ ಬೇಕು.

ನೆರಳಿನ ಕಡೆ ತೀರಾ ಕಪ್ಪಾದರೆ ಒಂದು ಹಿತ್ತಾಳೆ ತಟ್ಟೆ ನಿಲ್ಲಿಸಿ. ಬಿಳಿ ಕಾಗದವೂ ಬೆಳಕು ಹಿಂದಕ್ಕೆ ಕೊಡುತ್ತೆ, ಹಿತ್ತಾಳೆ ಅದಕ್ಕೆ ಹೊನ್ನಿನ ಬಣ್ಣ ಸೇರಿಸಿ ಕೊಡುತ್ತೆ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಫೋಟೊ ಇವತ್ತಿಗೂ ಹೆಸರುವಾಸಿ. ಕಪ್ಪು-ಬಿಳುಪು ಫೋಟೊ, ಆದರೂ ಸುತ್ತಲಿನ ತಗಡು ಬೆಳಕನ್ನು ಕಾಯಿಯ ಮೈಗೆ ಹೇಗೆ ಹಚ್ಚಿದೆ ಅಂತ ಒಮ್ಮೆ ಹುಡುಕಿ ನೋಡಿ.

ಉಳಿದದ್ದು ಸಣ್ಣ ಮಾತು. ಫೋನನ್ನು ಡಬ್ಬಕ್ಕೆ ಒರಗಿಸಿ, ಎರಡು ಸೆಕೆಂಡ್ ಟೈಮರ್ ಇಡಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 100. ತೀರಾ ಹತ್ತಿರ ಹೋಗದೆ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ, ತಟ್ಟೆ ಸೊಟ್ಟ ಆಗಲ್ಲ. ಪೋರ್ಟ್ರೇಟ್ ಮೋಡ್ ಬೇಡ, ರೊಟ್ಟಿಯ ಅಂಚನ್ನೇ ಮಸುಕು ಮಾಡಿಬಿಡುತ್ತೆ.